‘ಬರ್ಬ್ಸ್’: ಅಗಸಿಯ ಹೊರಗಿನ ಒಂದು ಶಬ್ದ

‘ಪ್ರಜಾಪ್ರಭುತ್ವ’, ‘ಸಂಸ್ಕೃತಿ’, ‘ನಾಗರಿಕತೆ’ ಮುಂತಾದ ದೊಡ್ಡ ಶಬ್ದಗಳನ್ನು ಕುರಿತು ಬರೆಯುವವರು ಬಹಳ ಜನ. ಕಾಲೇಜಿನ ವಾರ್ಷಿಕ ಸಂಚಿಕೆಗಳಲ್ಲಿ ಅವಕ್ಕೆ ಸ್ಥಾನ ತಪ್ಪಿದ್ದಿಲ್ಲ. ನಾನು ಇಲ್ಲಿ ಎತ್ತಿಕೊಂಡದ್ದು ಒಂದೇ ಉಸಿರಿಗೆ ಮುಗಿದುಹೋಗುವ ಸಣ್ಣ ಇಂಗ್ಲಿಷ್ ಶಬ್ದವನ್ನು. ಅದು ‘ಬರ್ಬ್ಸ್’. ಅಮೆರಿಕದ ಕಥೆಗಳಲ್ಲಿ, ಚಲಚ್ಚಿತ್ರಗಳಲ್ಲಿ, ಅಲ್ಲಿಯ ಪತ್ರಿಕೆಗಳಲ್ಲಿ ಇದು ಮೇಲಿಂದ ಮೇಲೆ ಬರುತ್ತದೆ. ನಿಘಂಟನ್ನು ತೆರೆದರೆ ‘ಸಬರ್ಬ್ಸ್ ಎಂಬುದರ ಆಡುಮಾತಿನ ರೂಪ’ ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಇನ್ನು ‘ಸಬರ್ಬ್’ ಎಂದರೇನೆಂದು ನೋಡಿದರೆ ‘ಉಪನಗರ’ ಎಂದಿರುತ್ತದೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಮಹಾಲಿಂಗಪುರದಂಥ ಊರಿನ ಸುತ್ತಮುತ್ತ ಬೆಳೆದ ವಿದ್ಯಾರ್ಥಿಗೆ ಈ ಅರ್ಥದಿಂದ ತೃಪ್ತಿಯಾಗುವುದಿಲ್ಲ. ಊರಿನ ಒಳಗು ಯಾವುದು, ಹೊರಗು ಯಾವುದು, ಹೊರಗಿರುವವರು ಯಾರು ಎಂಬ ಪ್ರಶ್ನೆಗಳು ನಮಗೆ ಬರಿಯ ಶಬ್ದಕೋಶದ ಪ್ರಶ್ನೆಗಳಾಗಿ ಉಳಿದಿಲ್ಲ.

ಮೊದಲು ಶಬ್ದದ ಹುಟ್ಟನ್ನು ನೋಡೋಣ. ‘ಸಬರ್ಬ್’ ಎಂಬುದು ಲ್ಯಾಟಿನ್ ಭಾಷೆಯ ‘ಸುಬುರ್ಬಿಯುಮ್’ ಎಂಬುದರಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ‘ಸುಬ್’ ಎಂದರೆ ಕೆಳಗೆ, ಹತ್ತಿರ. ‘ಉರ್ಬ್ಸ್’ ಎಂದರೆ ನಗರ. ರೋಮನ್ನರ ಬಾಯಲ್ಲಿ ಬರಿಯ ‘ಉರ್ಬ್ಸ್’ ಎಂದರೆ ರೋಮ್ ಪಟ್ಟಣವೆಂದೇ ಅರ್ಥ. ಅದರ ಮಗ್ಗುಲಲ್ಲಿದ್ದುದೆಲ್ಲ ‘ಸುಬುರ್ಬಿಯುಮ್’. ಇಂಗ್ಲಿಷಿನಲ್ಲಿ ಹದಿನಾಲ್ಕನೆಯ ಶತಮಾನದ ಕೊನೆಯಷ್ಟು ಹೊತ್ತಿಗೇ, ಚಾಸರ್ ಕವಿಯ ಕಾಲಕ್ಕೆ, ಈ ಶಬ್ದ ಬಳಕೆಯಲ್ಲಿತ್ತು. ಇಲ್ಲಿ ಕನ್ನಡಿಗರಿಗೆ ಸಂತೋಷ ಕೊಡುವ ಒಂದು ಸಂಗತಿಯುಂಟು. ಲ್ಯಾಟಿನ್ನಿನ ‘ಸುಬ್’, ಗ್ರೀಕಿನ ‘ಹುಪೊ’, ಸಂಸ್ಕೃತದ ‘ಉಪ’ ಈ ಮೂರೂ ಒಂದೇ ಮೂಲದಿಂದ ಬಂದವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಆದ್ದರಿಂದ ‘ಸಬರ್ಬ್’ ಎಂಬುದಕ್ಕೆ ‘ಉಪನಗರ’ ಎಂದು ಮೊದಲು ಬರೆದವರು, ತಿಳಿದೋ ತಿಳಿಯದೆಯೋ, ದೂರದ ನೆಂಟನನ್ನೇ ಕರೆತಂದು ಅದರ ಪಕ್ಕದಲ್ಲಿ ಕೂರಿಸಿದರು.

ಇನ್ನು ‘ಸಬರ್ಬ್’ ಎಂಬುದು ‘ಬರ್ಬ್’ ಆದ ಬಗೆ. ಶಬ್ದದ ತಲೆಯನ್ನು ಕತ್ತರಿಸಿ ಬಾಲವನ್ನು ಉಳಿಸಿಕೊಳ್ಳುವ ರೂಢಿ ಇಂಗ್ಲಿಷಿನಲ್ಲಿ ಹಳೆಯದು. ‘ಟೆಲಿಫೋನ್’ ಎಂಬುದರಿಂದ ‘ಫೋನ್’, ‘ಕ್ಯಾರವಾನ್’ ಎಂಬುದರಿಂದ ‘ವ್ಯಾನ್’, ‘ಏರೋಪ್ಲೇನ್’ ಎಂಬುದರಿಂದ ‘ಪ್ಲೇನ್’ ಹುಟ್ಟಿದ್ದು ಹೀಗೆಯೇ. ನಾವು ಕನ್ನಡದಲ್ಲಿ ದಿನಾಲು ಆಡುವ ‘ಬಸ್ಸು’ ಇವೆಲ್ಲಕ್ಕಿಂತ ವಿನೋದಕರ. ಅದರ ಪೂರ್ಣರೂಪ ‘ಓಮ್ನಿಬಸ್’. ಲ್ಯಾಟಿನ್ನಿನಲ್ಲಿ ‘ಓಮ್ನಿ’ ಎಂಬುದು ‘ಎಲ್ಲ’ ಎಂಬ ಅರ್ಥದ ಪ್ರಕೃತಿ. ‘ಬಸ್’ ಎಂಬುದು ಚತುರ್ಥೀ ವಿಭಕ್ತಿಯ ಬಹುವಚನ ಪ್ರತ್ಯಯ. ಕೂಡಿ ‘ಎಲ್ಲರಿಗೆ’ ಎಂದಾಗುತ್ತದೆ. ಜನ ಪ್ರಕೃತಿಯನ್ನು ಬಿಟ್ಟು ಪ್ರತ್ಯಯವನ್ನು ಇಟ್ಟುಕೊಂಡರು. ಅಂದ ಮೇಲೆ ಮುಂಜಾನೆ ಎದ್ದು ನಾವು ಓಡಿಹೋಗಿ ಹತ್ತುವುದು ಒಂದು ವಿಭಕ್ತಿಪ್ರತ್ಯಯವನ್ನು! ‘ಹೆಲಿಕಾಪ್ಟರ್’ ಎಂಬುದರ ಗತಿಯೂ ಇದೇ. ‘ಹೆಲಿಕೊ’ ಎಂದರೆ ಸುರುಳಿ, ‘ಪ್ಟೆರ್’ ಎಂದರೆ ರೆಕ್ಕೆ. ಆದರೆ ಆಡುವವರು ಅದನ್ನು ‘ಕಾಪ್ಟರ್’ ಎಂದು ನಡುವೆಯೇ ಮುರಿದರು.

‘ಬರ್ಬ್’ ಕೂಡ ಇದೇ ಜಾತಿಯದು. ವ್ಯುತ್ಪತ್ತಿಗೆ ತಕ್ಕಂತೆ ಕತ್ತರಿಸಿದ್ದರೆ ‘ಸಬ್’ ಹೋಗಿ ‘ಅರ್ಬ್’ ಉಳಿಯಬೇಕಾಗಿತ್ತು. ಜನ ಕಿವಿಯನ್ನು ಅನುಸರಿಸಿದರೇ ಹೊರತು ವ್ಯಾಕರಣವನ್ನು ಅನುಸರಿಸಲಿಲ್ಲ. ಕನ್ನಡ ಲಿಪಿಯಲ್ಲಿ ‘ಸಬರ್ಬ್’ ಎಂದು ಬರೆದು ‘ಸ’ಕಾರವನ್ನು ಅಳಿಸಿ ನೋಡಿರಿ, ಸಂಗತಿ ಕಣ್ಣಿಗೆ ಕಾಣುತ್ತದೆ. ಉಳಿದ ತುಂಡಿನ ಮೊದಲಿನ ‘ಬ’ಕಾರ ‘ಸಬ್’ ಎಂಬ ಉಪಸರ್ಗಕ್ಕೆ ಸೇರಿದ್ದು. ಹೀಗೆ ಹೊರಗಿನದೆಂಬ ಅರ್ಥವನ್ನು ಹೊತ್ತ ಉಪಸರ್ಗವನ್ನು ಕತ್ತರಿಸಿ ಹಾಕಿದರೂ ಅದರ ಒಂದಕ್ಷರ ನಗರಕ್ಕೆ ಅಂಟಿಕೊಂಡೇ ಉಳಿಯಿತು.

ಬಳಕೆಯಲ್ಲಿ ಕೆಲವು ನಿಯಮಗಳನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡುವುದು ಒಳ್ಳೆಯದು. ಒಂದನೆಯದು, ಇದು ಹೆಚ್ಚಾಗಿ ಬಹುವಚನದಲ್ಲಿ, ‘ದ’ ಎಂಬ ನಿರ್ದೇಶಕದೊಂದಿಗೆ ಬರುತ್ತದೆ. ‘ದೇ ಮೂವ್ಡ್ ಟು ದ ಬರ್ಬ್ಸ್’ ಎಂದರೆ ಅವರು ಪಟ್ಟಣ ಬಿಟ್ಟು ಹೊರವಲಯದಲ್ಲಿ ಮನೆ ಮಾಡಿದರು ಎಂದರ್ಥ. ಎರಡನೆಯದು, ಅಕ್ಷರ ಲೋಪವಾದುದನ್ನು ತೋರಿಸಲು ಕೆಲವರು ಶಬ್ದದ ಮೊದಲಿಗೆ ಲೋಪಚಿಹ್ನೆಯನ್ನು ಹಾಕುತ್ತಾರೆ, ಹಾಕದೆ ಬರೆಯುವವರೂ ಉಂಟು, ಎರಡೂ ಸಾಧು. ಮೂರನೆಯದು, ಇದು ಮುಖ್ಯವಾಗಿ ಉತ್ತರ ಅಮೆರಿಕದ ಬಳಕೆ, ಅದೂ ಗೆಳೆಯರ ಮಾತಿನಲ್ಲಿ, ಹಗುರವಾದ ಬರವಣಿಗೆಯಲ್ಲಿ. ಅರ್ಜಿಯಲ್ಲಿಯೋ ಪರೀಕ್ಷೆಯ ಉತ್ತರದಲ್ಲಿಯೋ ಇದನ್ನು ಬರೆದರೆ, ಧೋತರದ ಮೇಲೆ ಟೈ ಕಟ್ಟಿಕೊಂಡಂತಾಗುತ್ತದೆ. ಅಲ್ಲಿ ‘ಸಬರ್ಬ್ಸ್’ ಎಂದೇ ಬರೆಯತಕ್ಕದ್ದು. ನಾಲ್ಕನೆಯದು, ಈ ತುಂಡು ಈಗ ಸ್ವತಃ ಪ್ರತ್ಯಯದಂತೆ ಕೆಲಸ ಮಾಡತೊಡಗಿದೆ. ಹೊರದೇಶಗಳಿಂದ ಬಂದ ಒಂದು ಜನಾಂಗದವರು ಗುಂಪಾಗಿ ನೆಲೆಸಿದ ಅಮೆರಿಕದ ಉಪನಗರಗಳಿಗೆ ಭೂಗೋಳ ವಿದುಷಿ ವೇ ಲೀ ಅವರು 1990ರ ದಶಕದಲ್ಲಿ ‘ಎಥ್ನೊಬರ್ಬ್’ ಎಂದು ಹೆಸರಿಟ್ಟರು. ಆಡುಮಾತಿನ ತುಂಡೊಂದು ಶಾಸ್ತ್ರಗ್ರಂಥವನ್ನು ಹೊಕ್ಕದ್ದು ಹೀಗೆ.

ಶಬ್ದದ ಬೆಲೆ ಕಾಲಕಾಲಕ್ಕೆ ಏರಿ ಇಳಿದ ಕತೆ ಇನ್ನೂ ಸ್ವಾರಸ್ಯವಾದದ್ದು. ರೋಮಿನ ಶ್ರೀಮಂತರು ಪಟ್ಟಣದ ಹೊರಗೆ ತೋಟದ ಮನೆ ಕಟ್ಟಿಸಿಕೊಳ್ಳುವುದನ್ನು ಒಂದು ಪ್ರತಿಷ್ಠೆಯೆಂದು ತಿಳಿದಿದ್ದರು. ಆದರೆ ಹಳೆಯ ಲಂಡನ್ನಿನಲ್ಲಿ ಗೋಡೆಯ ಹೊರಗಿನ ವಸತಿ ಎಂದರೆ ಮರ್ಯಾದಸ್ಥರು ಮೂಗು ಮುರಿಯುವ ಜಾಗ. ಪಟ್ಟಣದ ಅಧಿಕಾರಿಗಳಿಗೆ ಬೇಡವಾದ ನಾರುವ ಕಸುಬುಗಳು, ಸೂಳೆಗೇರಿಗಳು, ನಾಟಕಶಾಲೆಗಳು ಅಲ್ಲಿ ಸೇರಿಕೊಂಡಿದ್ದವು. ಶೇಕ್ಸ್‌ಪಿಯರನ ನಾಟಕಗಳು ಆಡಲ್ಪಟ್ಟ ‘ಗ್ಲೋಬ್’ ರಂಗಮಂದಿರವನ್ನು 1599ರಲ್ಲಿ ಕಟ್ಟಿದ್ದು ಥೇಮ್ಸ್ ನದಿಯಾಚೆಯ ಸದಕ್ ಭಾಗದಲ್ಲಿ. ಇಂದು ನಾವು ಇಂಗ್ಲಿಷ್ ಸಾಹಿತ್ಯದ ಗರ್ಭಗುಡಿಯೆಂದು ಓದುವುದು ಅಂದಿನ ಲಂಡನ್ನಿಗೆ ಊರ ಹೊರಗಿನ ವಸ್ತು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದಿತು. ಹೊಗೆ ತುಂಬಿದ ಪಟ್ಟಣದಲ್ಲಿ ದುಡಿದು, ಸಂಜೆಗೆ ಹೊರಗಿನ ಸಣ್ಣ ಮನೆಗೆ ಮರಳುವ ಗುಮಾಸ್ತರ ವರ್ಗವೊಂದು ಬೆಳೆಯಿತು. ಅದೇ ಶತಮಾನದ ಕೊನೆಗೆ ಈ ಜನರ ಬದುಕನ್ನು ಅರೆನಗೆಯಿಂದ ಸೂಚಿಸುವ ‘ಸಬರ್ಬಿಯಾ’ ಎಂಬ ಶಬ್ದ ಹುಟ್ಟಿತು.

ಅಮೆರಿಕದಲ್ಲಿ ಈ ಬದುಕು ಪ್ರವಾಹದಂತೆ ಹರಡಿದ್ದು ಎರಡನೆಯ ಮಹಾಯುದ್ಧದ ತರುವಾಯ. ಯುದ್ಧದಿಂದ ಮರಳಿದ ಸೈನಿಕರಿಗೆ ಮನೆಸಾಲದ ಸೌಲಭ್ಯ ಕೊಡುವ ಕಾಯಿದೆ 1944ರಲ್ಲಿ ಆಗಿತ್ತು. ನ್ಯೂಯಾರ್ಕಿನ ಹತ್ತಿರದ ಲಾಂಗ್ ಐಲ್ಯಾಂಡಿನಲ್ಲಿ ಲೆವಿಟ್ ಕಂಪನಿಯವರು 1947ರಿಂದ 1951ರ ವರೆಗೆ ಬಟಾಟೆ ಬೆಳೆಯುತ್ತಿದ್ದ ಹೊಲಗಳಲ್ಲಿ 17,000ಕ್ಕೂ ಮಿಕ್ಕಿ ಒಂದೇ ಮಾದರಿಯ ಮನೆಗಳನ್ನು ಎಬ್ಬಿಸಿದರು. ಆ ಊರೇ ಲೆವಿಟ್‌ಟೌನ್. 1956ರ ಹೆದ್ದಾರಿ ಕಾಯಿದೆಯಿಂದ ಮೋಟಾರು ಇದ್ದವರು ಎಷ್ಟು ದೂರದಲ್ಲಿಯಾದರೂ ಮನೆ ಮಾಡುವಂತಾಯಿತು. ಮನೆಯ ಮುಂದೆ ಹುಲ್ಲಿನ ಅಂಗಳ, ಬದಿಗೆ ಮೋಟಾರು, ಹಿಂದೆ ಮಕ್ಕಳಾಡುವ ಬಯಲು: ಸಾಮಾನ್ಯ ಕುಟುಂಬಕ್ಕೆ ಇದು ದೊಡ್ಡ ಭಾಗ್ಯವೇ. ಆದರೆ ಆ ಮನೆಗಳ ಆರಂಭದ ಕರಾರುಗಳಲ್ಲಿ ಬಿಳಿಯರ ಹೊರತು ಅನ್ಯರು ಅಲ್ಲಿ ವಾಸಿಸಕೂಡದೆಂಬ ಷರತ್ತು ಇತ್ತೆಂಬುದನ್ನೂ ಮರೆಯಲಾಗದು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು 1948ರಲ್ಲಿ ಅಲ್ಲಿಯ ಸುಪ್ರೀಮ್ ಕೋರ್ಟು ತೀರ್ಪಿತ್ತ ಮೇಲೆಯೂ ಕಪ್ಪು ಜನರಿಗೆ ಮನೆ ಮಾರದ ರೂಢಿ ಮುಂದುವರಿಯಿತು.

ಹೀಗೆ ಬೆಳೆದ ಮಕ್ಕಳು, ಒಂದೇ ಅಚ್ಚಿನಿಂದ ತೆಗೆದಂಥ ಆ ಬೀದಿಗಳ ಬೇಸರದಿಂದ, ತಮ್ಮ ಊರನ್ನು ಸಲಿಗೆಯಿಂದಲೂ ಕುಚೋದ್ಯದಿಂದಲೂ ‘ಬರ್ಬ್ಸ್’ ಎಂದು ಕರೆದರು. 1989ರಲ್ಲಿ ಟಾಮ್ ಹ್ಯಾಂಕ್ಸ್ ನಟಿಸಿದ, ಇದೇ ಹೆಸರಿನ ಹಾಸ್ಯಚಿತ್ರವೊಂದು ತೆರೆಗೆ ಬಂದಿತು. ಆದ್ದರಿಂದ ‘ಬರ್ಬ್ಸ್’ ಎಂಬಲ್ಲಿ ಸೌಖ್ಯವುಂಟು, ಬೇಸರವುಂಟು, ಸ್ವಲ್ಪ ನಗೆಯೂ ಉಂಟು. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿರುವವನು ತಾನೇ ಇಷ್ಟಪಟ್ಟು ಅಲ್ಲಿಗೆ ಹೋಗಿದ್ದಾನೆ ಎಂಬ ಅರ್ಥವುಂಟು. ಈ ಕಡೆಯ ಅಂಶವನ್ನು ಓದುಗರು ಗಟ್ಟಿಯಾಗಿ ಹಿಡಿದಿರಬೇಕೆಂದು ವಿನಂತಿ.

ಕನ್ನಡದಲ್ಲಿ ಇದಕ್ಕೆ ಸಮನಾದ ಶಬ್ದ ಯಾವುದು? ಸಂಸ್ಕೃತದ ಅಮರಕೋಶದಲ್ಲಿ ಮೂಲನಗರದ ಹೊರತಾಗಿ ಬೆಳೆದ ಊರಿಗೆ ‘ಶಾಖಾನಗರ’ ಎಂದು ಹೆಸರಿದೆ. ಗಿಡಕ್ಕೆ ಕೊಂಬೆ ಇದ್ದಂತೆ ಊರಿಗೆ ಇದು. ಎಂಥ ಚೆಲುವಾದ ಶಬ್ದ! ಆದರೆ ಇದು ನಮ್ಮ ನಾಲಗೆಗೆ ಬರಲಿಲ್ಲ. ‘ಉಪನಗರ’ ಕಚೇರಿಯ ಶಬ್ದವಾಗಿ ನಿಂತಿತು. ಹುಬ್ಬಳ್ಳಿ ಧಾರವಾಡಗಳಲ್ಲಿ ‘ಉಪನಗರ ಠಾಣೆ’ ಎಂದರೆ ಪೊಲೀಸ್ ಠಾಣೆಯ ಹೆಸರು. ಬೆಂಗಳೂರಿನಲ್ಲಿ ‘ಕೆಂಗೇರಿ ಉಪನಗರ’ ಎಂಬುದುಂಟು. ಅದರ ಇಂಗ್ಲಿಷ್ ಹೆಸರಿನ ಅರ್ಥ ‘ಉಪಗ್ರಹದಂಥ ಪಟ್ಟಣ’ ಎಂದು. ಹೀಗೆ ಎರಡು ಇಂಗ್ಲಿಷ್ ಶಬ್ದಗಳಿಗೆ ನಾವು ಒಂದೇ ಕನ್ನಡ ಅಂಗಿಯನ್ನು ತೊಡಿಸಿದ್ದೇವೆ. ಮುಂಬಯಿಯ ಉದಾಹರಣೆ ಇನ್ನೂ ವಿಚಿತ್ರವಾದದ್ದು. 1990ರಲ್ಲಿ ಅಲ್ಲಿ ‘ಮುಂಬಯಿ ಉಪನಗರ’ ಎಂಬ ಪ್ರತ್ಯೇಕ ಜಿಲ್ಲೆಯೇ ಆಯಿತು. 2011ರ ಜನಗಣತಿಯಂತೆ ಮುಂಬಯಿ ನಗರ ಜಿಲ್ಲೆಯ ಜನ ಸುಮಾರು 31 ಲಕ್ಷ; ಉಪನಗರ ಜಿಲ್ಲೆಯವರು 93 ಲಕ್ಷಕ್ಕೂ ಹೆಚ್ಚು. ‘ಉಪ’ ಎಂಬುದು ಮೂಲದ ಮೂರು ಪಟ್ಟಾದ ಮೇಲೆ ಯಾವುದಕ್ಕೆ ಯಾವುದು ಉಪ?

ಬೆಂಗಳೂರಿನ ಕಡೆ ಜನಬಳಕೆಯ ಶಬ್ದ ‘ಬಡಾವಣೆ’. 1898ರಲ್ಲಿ ಆ ಊರಿಗೆ ಪ್ಲೇಗು ಬಿದ್ದಾಗ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಜನ ಹೊರಗೆ ನೆಲೆಸುವುದು ಅವಶ್ಯವಾಯಿತು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಆ ಕಾಲದಲ್ಲಿ. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿತ್ತು. ಇವೆಲ್ಲ ಈಗ ಪಟ್ಟಣದ ಹೊಟ್ಟೆಯಲ್ಲಿಯೇ ಇವೆ. ನಮ್ಮ ಉತ್ತರದ ಕಡೆ ‘ಕಾಲೋನಿ’ ಎಂಬ ಶಬ್ದಕ್ಕೆ ಬಲ ಹೆಚ್ಚು. ನೌಕರಿ ಹಿಡಿದು, ಪ್ಲಾಟು ಕೊಂಡು, ಸ್ಲ್ಯಾಬಿನ ಮನೆ ಕಟ್ಟಿಸಿದವರು ‘ಕಾಲೋನ್ಯಾಗ ಇದ್ದೀವ್ರಿ’ ಎಂದು ಹೇಳುವಾಗ ದನಿಯಲ್ಲಿ ಸಣ್ಣದೊಂದು ಗತ್ತಿರುತ್ತದೆ. ಅಮೆರಿಕದವರ ‘ಬರ್ಬ್ಸ್’ ಎಂಬುದಕ್ಕೆ ಅರ್ಥದಲ್ಲಿ ತೀರ ಹತ್ತಿರ ಬರುವುದು ಇದೇ ಎಂದು ನನ್ನ ಅಭಿಪ್ರಾಯ.

ಆದರೆ ಕಾಲೋನಿ ಬರುವುದಕ್ಕೆ ಮುಂಚೆ ನಮ್ಮ ಊರುಗಳಿಗೆ ಹೊರಗು ಇರಲಿಲ್ಲವೇ? ಇತ್ತು, ಅದಕ್ಕೆ ಗುರುತಾಗಿ ಅಗಸಿ ಇತ್ತು. ಊರ ಬಾಗಿಲನ್ನು ಈ ಭಾಗದಲ್ಲಿ ಅಗಸಿ ಎನ್ನುತ್ತಾರೆಂಬುದನ್ನು ದಕ್ಷಿಣದ ಮಿತ್ರರಿಗಾಗಿ ಹೇಳುತ್ತೇನೆ. ಅಗಸಿಯ ಒಳಗೆ ಓಣಿಗಳು, ಗುಡಿ, ಮಠ, ಸಂತೆ. ಹೊರಗೆ ಹೊಲ, ಹಳ್ಳ, ಸುಡುಗಾಡು. ಹೊರಗೆ ಇನ್ನೊಂದೂ ಇತ್ತು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಕೇರಿ. ‘ಕೇರಿ’ ಎಂದರೆ ಮೂಲದಲ್ಲಿ ಬೀದಿ ಎಂದಷ್ಟೇ ಅರ್ಥ. ಆದರೆ ‘ಊರು’ ಮತ್ತು ‘ಕೇರಿ’ ಎಂದು ಎರಡನ್ನೂ ಜೊತೆಯಾಗಿ ಆಡಿದಾಗ ಅದರ ಅರ್ಥವೇನೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಕವಿ ಸಿದ್ದಲಿಂಗಯ್ಯನವರ ಆತ್ಮಕಥನದ ಹೆಸರು ‘ಊರುಕೇರಿ’ ಎಂದೇ ಇದೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಆದರೆ ಕೇರಿ ಎಂಬ ಶಬ್ದದಲ್ಲಿ ಸೇರಿಕೊಂಡ ಆ ನೋವಿನ ಅರ್ಥವನ್ನು ಯಾವ ಕಾಯಿದೆ ತೆಗೆಯಬಲ್ಲದು? ಲೆವಿಟ್‌ಟೌನಿನಲ್ಲಿ ಕೆಲವರನ್ನು ಹೊರವಲಯಕ್ಕೆ ಬರಗೊಡಲಿಲ್ಲ. ನಮ್ಮಲ್ಲಿ ಕೆಲವರನ್ನು ಹೊರವಲಯದಿಂದ ಒಳಗೆ ಬರಗೊಡಲಿಲ್ಲ. ದಿಕ್ಕು ಬೇರೆ, ಗೋಡೆ ಒಂದೇ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಹೊರಗೂ ಇದೆ. ಆಲಮಟ್ಟಿಯ ಆಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಮುಂದೆ ಕೃಷ್ಣೆಯ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳಿಗೆ ಬಂದಾಗ ಅಲ್ಲಿಯವರಿಗಾಗಿ ‘ನವನಗರ’ ಎಂಬುದನ್ನು ಕಟ್ಟಿದರು. ಅಗಲವಾದ ರಸ್ತೆಗಳು, ಅಂಕಿ ಹಚ್ಚಿದ ಸೆಕ್ಟರುಗಳು, 1997ರಲ್ಲಿ ಜಿಲ್ಲೆಯಾದ ಮೇಲೆ ಜಿಲ್ಲೆಯ ಕಚೇರಿಗಳು, ಎಲ್ಲವೂ ಅಲ್ಲಿವೆ. ಚಿತ್ರದಲ್ಲಿ ನೋಡಿದರೆ ಅದು ಯಾವ ಉಪನಗರಕ್ಕೂ ಕಡಿಮೆಯಲ್ಲ. ಆದರೆ ಓಣಿಯ ಹೆಸರನ್ನು ಬಿಟ್ಟು ಸೆಕ್ಟರಿನ ಅಂಕಿಯನ್ನು ಪಡೆದವರು ಬೇಸರ ಕಳೆಯಲಿಕ್ಕೆಂದು ಅಲ್ಲಿಗೆ ಹೋದವರಲ್ಲ. ಅವರ ವಸತಿಯನ್ನು ‘ಬರ್ಬ್ಸ್’ ಎಂದರೆ ಶಬ್ದ ಸರಿಯಾದೀತು, ಅರ್ಥ ಸರಿಯಾಗಲಾರದು.

ಕೊನೆಗೆ ನನ್ನ ಸ್ವಂತ ವಸತಿಯ ವಿಷಯ. ಹಿಂದೆ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಮಹಾಲಿಂಗಪುರ ಮಹಾಲಿಂಗೇಶ್ವರರ ಮಠಕ್ಕೂ ಬೆಲ್ಲದ ಪೇಟೆಗೂ ನೇಯ್ಗೆಗೂ ಹೆಸರಾದದ್ದು. ಬಾವಿ, ಕಾಲುವೆ, ಏತಗಳ ನೀರು ಬಂದು ಕಬ್ಬು ಬೆಳೆದಂತೆ ಅನೇಕ ಒಕ್ಕಲು ಮನೆತನಗಳು ಊರೊಳಗಿನ ಮನೆಗಳನ್ನು ಬಿಟ್ಟು ಹೊಲದಲ್ಲಿಯೇ ನೆಲೆಸಿದವು. ರಾತ್ರಿ ನೀರು ಹಾಯಿಸಬೇಕು, ಎಮ್ಮೆಗಳನ್ನು ನೋಡಬೇಕು, ಗಾಣ ಹೂಡಿದಾಗ ಕಬ್ಬಿನ ಹತ್ತಿರವೇ ಇರಬೇಕು. ಇಂಥ ವಸತಿಗೆ ನಾವು ‘ತೋಟ’ ಎನ್ನುತ್ತೇವೆ. ಇಲ್ಲಿ ತೋಟವೆಂದರೆ ಹೂವಿನ ತೋಟವಲ್ಲ. ಮನೆ, ದನದ ಕೊಟ್ಟಿಗೆ, ಬಾವಿ, ಬೆಳೆ ಎಲ್ಲ ಕೂಡಿದ್ದು. ತೋಟಕ್ಕೆ ಮನೆತನದ ಹೆಸರಿರುತ್ತದೆ. ಇಲ್ಲಿಂದ ಬೆಳಗಾವಿ ಜಿಲ್ಲೆಯವರೆಗೆ ಎಷ್ಟೋ ಸರಕಾರಿ ಪ್ರಾಥಮಿಕ ಶಾಲೆಗಳ ಫಲಕದ ಮೇಲೆ ಇಂತಿಂಥವರ ತೋಟವೆಂದು ಬರೆದಿರುವುದನ್ನು ಕಾಣಬಹುದು. ನಾನು ಮೊದಲ ಅಕ್ಷರ ತಿದ್ದಿದ್ದು ಅಂಥದೊಂದು ಶಾಲೆಯಲ್ಲಿ.

ನಮ್ಮ ಆಯಿ ಇಂದಿಗೂ ಸಂತೆಗೆ ಹೊರಟರೆ ‘ಊರಿಗೆ ಹೋಗಿ ಬರ್ತೀನಿ’ ಎನ್ನುತ್ತಾಳೆ. ಎಪ್ಪತ್ತು ವರ್ಷ ಬದುಕಿದ ನೆಲ ಅವಳಿಗೆ ಊರಲ್ಲ. ಊರೆಂದರೆ ಅಗಸಿಯ ಒಳಗಿನದು. ಊರವರಿಗೂ ನಾವು ‘ತ್ವಾಟದವರು’. ಅದರಲ್ಲಿ ವಾತ್ಸಲ್ಯವೂ ಇರುತ್ತದೆ, ತುಸು ತಾತ್ಸಾರವೂ ಇರುತ್ತದೆ. ಮಳೆಗಾಲದಲ್ಲಿ ಕಾಲೇಜಿಗೆ ಬಂದಾಗ ಚಪ್ಪಲಿಗೆ ಹತ್ತಿದ ಎರಿಮಣ್ಣು ನಮ್ಮ ವಿಳಾಸವನ್ನು ನಾವು ಹೇಳುವ ಮೊದಲೇ ಹೇಳುತ್ತದೆ. ಒಮ್ಮೆ ಒಂದು ಕಚೇರಿಯಲ್ಲಿ ನನ್ನ ಅರ್ಜಿಯನ್ನು ನೋಡಿದ ಗುಮಾಸ್ತರು ‘ತಮ್ಮಾ, ಓಣಿ ಯಾವುದು, ಮನೀ ನಂಬರ ಎಷ್ಟು?’ ಎಂದು ಕೇಳಿದರು. ‘ಓಣಿ ಇಲ್ರಿ, ತ್ವಾಟದಾಗ ಇರ್ತೀವಿ’ ಎಂದೆ. ಅವರು ಪೆನ್ನನ್ನು ಆ ಜಾಗದಲ್ಲಿ ಸ್ವಲ್ಪ ಹೊತ್ತು ಹಿಡಿದು, ಕೊನೆಗೆ ಒಂದು ಅಡ್ಡಗೆರೆ ಎಳೆದರು. ಅವರದೇನೂ ತಪ್ಪಲ್ಲ; ಅರ್ಜಿಯ ನಮೂನೆಯನ್ನು ಮಾಡಿದವರಿಗೆ ಅಗಸಿಯ ಹೊರಗೂ ಮನೆಗಳಿರುತ್ತವೆಂದು ಹೊಳೆದಿರಲಿಲ್ಲ. ನಮ್ಮ ಮನೆತನದಲ್ಲಿ ಅಂಥ ಅರ್ಜಿಯನ್ನು ತಾನೇ ಓದಿ ತುಂಬಿದವನು ನಾನೇ ಮೊದಲಿಗ. ಆದ್ದರಿಂದಲೇ ಆ ಅಡ್ಡಗೆರೆ ನನ್ನ ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡಿತೋ ಏನೋ.

ಹೀಗೆ ವಿಚಾರಿಸಿದರೆ, ಒಳಗಿನವರು ಮಾಡಿದ ಶಬ್ದಗಳೇ ಎಲ್ಲ ಭಾಷೆಗಳಲ್ಲಿಯೂ ತುಂಬಿಕೊಂಡಿವೆ. ನಗರದಲ್ಲಿರುವವನು ‘ನಾಗರಿಕ’, ಗ್ರಾಮದಿಂದ ಬಂದದ್ದು ‘ಗ್ರಾಮ್ಯ’. ಲ್ಯಾಟಿನ್ನಿನ ‘ಉರ್ಬ್ಸ್’ ಶಬ್ದದಿಂದ ನಯವಂತನೆಂಬ ಅರ್ಥದ ‘ಅರ್ಬೇನ್’ ಹುಟ್ಟಿತು. ಹಳ್ಳಿಯ ಹೊಲದಮನೆಯೆಂಬ ಅರ್ಥದ ‘ವಿಲ್ಲಾ’ದಲ್ಲಿ ದುಡಿಯುವವನ ಹೆಸರಿನಿಂದ ಇಂಗ್ಲಿಷಿನ ‘ವಿಲನ್’, ಅಂದರೆ ಖಳನಾಯಕ, ಹುಟ್ಟಿದನು. ‘ಬರ್ಬ್ಸ್’ ಎಂಬುದರ ವಿಶೇಷವೆಂದರೆ, ಹೊರಗಿನವರು ತಮ್ಮ ವಸತಿಗೆ ತಾವೇ ನಗುನಗುತ್ತ ಇಟ್ಟುಕೊಂಡ ಹೆಸರೆಂಬ ಧ್ವನಿ ಅದರಲ್ಲಿದೆ. ಆ ನಗೆ ಅವರಿಗೆ ಸಾಧ್ಯವಾದದ್ದು ರಸ್ತೆ, ನೀರು, ದೀಪ, ಶಾಲೆ ಇವೆಲ್ಲ ಮನೆಯ ಬಾಗಿಲಿಗೆ ಬಂದಿದ್ದುದರಿಂದ.

ಅನುವಾದ ಮಾಡುವ ಮಿತ್ರರಿಗೆ ನನ್ನ ಸೂಚನೆ ಇಷ್ಟು. ವರದಿಯಲ್ಲಿ ‘ಉಪನಗರ’ ಎಂದು ಬರೆಯಿರಿ. ಕಥೆಯಲ್ಲಿ ಪಾತ್ರಗಳ ಮಾತು ಬಂದರೆ ‘ಊರ ಹೊರಗಿನ ಕಾಲೋನಿ’ ಎನ್ನಿರಿ. ನಗೆಯ ಧ್ವನಿಯೇ ಮುಖ್ಯವಾದರೆ ‘ಬರ್ಬ್ಸ್’ ಎಂದೇ ಇಡಿರಿ. ಆದರೆ ಕೇರಿಗೂ ತೋಟಕ್ಕೂ ನವನಗರಕ್ಕೂ ಆ ಶಬ್ದವನ್ನು ಹಚ್ಚುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿರಿ: ಇಲ್ಲಿಯವರು ತಾವಾಗಿ ಹೊರಬಂದವರೋ, ಹೊರಹಾಕಲ್ಪಟ್ಟವರೋ, ಅಥವಾ ದುಡಿಮೆಗಾಗಿ ನೆಲದ ಹತ್ತಿರ ಉಳಿದವರೋ? ಉತ್ತರ ಸಿಕ್ಕರೆ ಸರಿಯಾದ ಶಬ್ದವೂ ಸಿಕ್ಕೀತು. ತೋಟಕ್ಕೆ ಮಾತ್ರ ಬೇರೆ ಶಬ್ದ ಬೇಡ. ಅದಕ್ಕೆ ಬೇಕಾದದ್ದು ಮಳೆಗಾಲದಲ್ಲಿ ಕಾಲು ಹೂಳದ ಒಂದು ದಾರಿ, ಅರ್ಜಿಯ ನಮೂನೆಯಲ್ಲಿ ಒಂದು ಸಾಲು ಜಾಗ.